‘ಆ್ಯಶ್‌ಕ್ಯಾನ್’ ಬೂದಿ ಕುಡಿಕೆಯಲ್ಲ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ಹಳೆಯ ಕಥೆಗಳು, ಚಿತ್ರಕಲೆಯ ಲೇಖನಗಳು, ಎರಡನೇ ಮಹಾಯುದ್ಧದ ಬರಹಗಳು ಕನ್ನಡಕ್ಕೆ ಬರುವಾಗ ಒಂದು ಚಿಕ್ಕ ಪದ ಅನುವಾದಕರನ್ನು ಮತ್ತೆ ಮತ್ತೆ ಎಡವಿಸುತ್ತಿದೆ. ಆ ಪದ ‘ಆ್ಯಶ್‌ಕ್ಯಾನ್’. ಒಂದು ಕಡೆ ಅದು ‘ಬೂದಿ ಕುಡಿಕೆ’ಯಾಗಿರುತ್ತದೆ, ಇನ್ನೊಂದು ಕಡೆ ಸಿಗರೇಟಿನ ಬೂದಿ ಉದುರಿಸುವ ತಟ್ಟೆ. ಚಿತಾಭಸ್ಮದ ಕರಂಡಕ ಎಂದು ಬರೆಯುವವರೂ ಇದ್ದಾರೆ. ಮೂರೂ ತಪ್ಪು. ಬೀದಿಬದಿಯಲ್ಲಿ ಇಟ್ಟಿದ್ದ ಕಸದ ಡಬ್ಬವೊಂದು ಹೀಗೆ ಅಸ್ಥಿಯ ಮಡಕೆಯಾಗಿಬಿಟ್ಟರೆ ಕಥೆಯ ಅರ್ಥವೇ ಅಡ್ಡದಾರಿ ಹಿಡಿಯುತ್ತದೆ. ಅನುವಾದಿತ ಬರಹಗಳಿಗೆ ಇಷ್ಟು ಜಾಗ ಕೊಡುವ ಪತ್ರಿಕೆಯಲ್ಲಿ ಇದೊಂದು ಪದದ ಬಗ್ಗೆ ತುಸು ವಿವರವಾಗಿ ಹೇಳಬೇಕೆನಿಸಿ ಈ ಪತ್ರ.

ಆ್ಯಶ್‌ಕ್ಯಾನ್ ಎಂದರೆ ಅಮೆರಿಕದ ಹಳೆಯ ಮಾತಿನಲ್ಲಿ ಮನೆಯ ಹೊರಗೆ, ಪಾದಚಾರಿ ದಾರಿಯ ಅಂಚಿನಲ್ಲಿ ಇಡುತ್ತಿದ್ದ ದೊಡ್ಡ ತಗಡಿನ ಕಸದ ಡಬ್ಬ. ‘ಕುಡಿಕೆ’ ಎಂದ ಕೂಡಲೇ ಅಂಗೈಯಲ್ಲಿ ಕೂರುವ ಮಣ್ಣಿನ ಪಾತ್ರೆ ಕಣ್ಣಿಗೆ ಬರುತ್ತದೆ. ಇದು ಹಾಗಲ್ಲ. ದೊಡ್ಡವರ ಸೊಂಟದ ಮಟ್ಟಕ್ಕೆ ಬರುವ, ತುಂಬಿದರೆ ಇಬ್ಬರು ಹಿಡಿದು ಎತ್ತಬೇಕಾದ ಉಕ್ಕಿನ ಪೀಪಾಯಿ. ತಗಡಿಗೆ ಸತುವಿನ ಲೇಪ, ಎರಡೂ ಪಕ್ಕದಲ್ಲಿ ಹಿಡಿಕೆ, ಮೇಲೆ ಅಂಚು ಬಗ್ಗಿಸಿದ ಮುಚ್ಚಳ. ಮೈಮೇಲೆ ಉದ್ದಕ್ಕೂ ಏರುತಗ್ಗಿನ ಪಟ್ಟೆಗಳು. ಆ ಪಟ್ಟೆಗಳು ಅಂದಕ್ಕಲ್ಲ. ತೆಳು ತಗಡನ್ನು ಹಾಗೆ ಮಡಿಸಿದರೆ ಅದು ಸುಲಭಕ್ಕೆ ನೆಗ್ಗುವುದಿಲ್ಲ. ತಳ ನೆಲಕ್ಕೆ ತಾಗದಂತೆ ಅಡಿಯಲ್ಲಿ ಒಂದು ಉಕ್ಕಿನ ಬಳೆ ಇರುತ್ತಿತ್ತು.

ಹೆಸರಿನೊಳಗೆ ಬೂದಿ ಬಂದದ್ದು ಹೇಗೆಂದು ತಿಳಿಯಬೇಕಾದರೆ ಆ ಕಾಲದ ಚಳಿಗಾಲವನ್ನು ತಿಳಿಯಬೇಕು. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಇಪ್ಪತ್ತನೇ ಶತಮಾನದ ನಡುಭಾಗದವರೆಗೆ ನ್ಯೂಯಾರ್ಕ್, ಫಿಲಡೆಲ್ಫಿಯಾದಂಥ ಊರುಗಳಲ್ಲಿ ಮನೆಗಳನ್ನು ಬೆಚ್ಚಗಿಡುತ್ತಿದ್ದದ್ದು ಕಲ್ಲಿದ್ದಲು. ನೆಲಮಾಳಿಗೆಯಲ್ಲಿ ಕುಲುಮೆ. ಅದರೊಳಗೆ ಕಬ್ಬಿಣದ ಜಾಲರಿ, ಜಾಲರಿಯ ಮೇಲೆ ಉರಿಯುವ ಇದ್ದಲು, ಕೆಳಗೆ ಬೂದಿ ಬೀಳುವ ಗುಂಡಿ. ಬೂದಿ ಕಟ್ಟಿಕೊಂಡರೆ ಕೆಳಗಿನಿಂದ ಗಾಳಿ ಏರುವುದಿಲ್ಲ, ಬೆಂಕಿ ಮಂಕಾಗುತ್ತದೆ. ಆದ್ದರಿಂದ ಹಿಡಿಕೆ ಹಿಡಿದು ಜಾಲರಿಯನ್ನು ಅಲ್ಲಾಡಿಸಬೇಕು. ಬೂದಿ ಉದುರಿ ಕೆಳಗಿಂದ ಕೆಂಪು ಹೊಳಪು ಕಂಡಾಗ ನಿಲ್ಲಿಸಬೇಕು. ಇನ್ನೂ ಅಲ್ಲಾಡಿಸಿದರೆ ಉರಿಯುವ ಇದ್ದಲೇ ಗುಂಡಿಗೆ ಬಿದ್ದು ಹಾಳಾಗುತ್ತದೆ. ಕರಗಿ ಗಟ್ಟಿಯಾದ ಕಿಟ್ಟ ಜಾಲರಿಯಲ್ಲಿ ಸಿಕ್ಕಿಕೊಂಡಿದ್ದರೆ ಸಲಾಕೆಯಿಂದ ಒಡೆದು ತೆಗೆಯಬೇಕು. ಆಮೇಲೆ ಗುಂಡಿಯ ಬಾಗಿಲು ತೆಗೆದು, ಸಲಿಕೆಯಿಂದ ಬೂದಿಯನ್ನು ಈ ಡಬ್ಬಕ್ಕೆ ತುಂಬಿ, ಬೀದಿಗೆ ಸಾಗಿಸಬೇಕು. ಒಳ್ಳೆಯ ಆಂಥ್ರಸೈಟ್ ಕಲ್ಲಿದ್ದಲಿನಲ್ಲೂ ತೂಕದ ಹತ್ತರಲ್ಲೊಂದು ಪಾಲಿನಷ್ಟು ಬೂದಿ ಉಳಿಯುತ್ತದೆ. ಎಂದರೆ ಒಂದು ಟನ್ ಸುಟ್ಟರೆ ಸುಮಾರು ನೂರು ಕಿಲೋ. ಚಳಿಗಾಲದುದ್ದಕ್ಕೂ ಒಂದೊಂದು ಕಟ್ಟಡದ ಮುಂದೆ ಈ ಡಬ್ಬಗಳ ಸಾಲೇ ನಿಲ್ಲುತ್ತಿತ್ತು.

ಮರದ ಪೀಪಾಯಿ ಬಿಟ್ಟು ಲೋಹಕ್ಕೆ ಬಂದ ಕಾರಣವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ‘ಬೂದಿ ಮುಚ್ಚಿದ ಕೆಂಡ’ ಎಂದು ನಾವು ದಿನವೂ ಆಡುತ್ತೇವೆ. ಬೂದಿ ಶಾಖವನ್ನು ಹೊರಗೆ ಬಿಡುವುದಿಲ್ಲ, ಗಾಳಿಯನ್ನು ಅಲ್ಪಸ್ವಲ್ಪವೇ ಒಳಗೆ ಬಿಡುತ್ತದೆ. ಅದಕ್ಕೇ ಅದರೊಳಗಿನ ಕೆಂಡ ದಿನಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಮೇಲೆ ಕೈಯಿಟ್ಟರೆ ತಣ್ಣಗೆ, ಒಳಗೆ ನಿಗಿನಿಗಿ. ಅಂಥದ್ದನ್ನು ಮರದ ಪೀಪಾಯಿಗೆ ಸುರಿದರೆ ರಾತ್ರಿ ಬೆಂಕಿ ಹತ್ತುತ್ತದೆ. ತಳದ ಬಳೆಯ ಉಪಯೋಗವೂ ಅದೇ: ಬಿಸಿ ತಳಕ್ಕೂ ಹಲಗೆಯ ನೆಲಕ್ಕೂ ನಡುವೆ ಒಂದಿಷ್ಟು ಗಾಳಿಯ ಅಂತರ. ಮುಚ್ಚಳ ಬಿಗಿಯಾಗಿ ಕೂರದಿದ್ದರೆ ಎರಡು ತೊಂದರೆ. ಗಾಳಿ ಹೊಕ್ಕು ಕೆಂಡ ಮತ್ತೆ ಉರಿಯುತ್ತದೆ, ಬೂದಿ ಹಾರಿ ಬೀದಿಯೆಲ್ಲ ಕೊಳೆಯಾಗುತ್ತದೆ. ಮಳೆ, ಹಿಮದ ನೀರು ಒಳಗಿಳಿದರೆ ಇನ್ನೊಂದು ಬಗೆಯ ಹಾನಿ: ಒದ್ದೆ ಬೂದಿಯ ಕ್ಷಾರ, ಗಂಧಕದ ಲವಣಗಳು ಸತುವಿನ ಲೇಪವನ್ನು ತಿಂದುಹಾಕುತ್ತವೆ, ಲೇಪ ಹೋದ ಮೇಲೆ ಉಕ್ಕಿಗೆ ತುಕ್ಕು, ಕೊನೆಗೆ ತಳವೇ ಕಳಚಿ ಬೀಳುತ್ತದೆ. ಹಳೆಯ ಬರಹಗಳಲ್ಲಿ ‘ತಳ ಹೋದ ಆ್ಯಶ್‌ಕ್ಯಾನ್’ ಕಂಡರೆ ಅದರ ಹಿಂದಿನ ಕಥೆ ಇದು.

ಅನುವಾದಕರು ನಿಜವಾಗಿ ಎಚ್ಚರ ವಹಿಸಬೇಕಾದ ಜಾಗ ಮುಂದಿದೆ. ಆ್ಯಶ್‌ಕ್ಯಾನ್, ಗಾರ್ಬೇಜ್ ಕ್ಯಾನ್, ಟ್ರ್ಯಾಶ್ ಕ್ಯಾನ್ ಮೂರನ್ನೂ ‘ಕಸದ ಬುಟ್ಟಿ’ ಎಂದು ಬರೆದು ಮುಗಿಸುವ ರೂಢಿ ನಮ್ಮಲ್ಲಿದೆ. 1900ರ ಆಸುಪಾಸಿನ ಬರಹವಾದರೆ ಅದು ತಪ್ಪಾಗುತ್ತದೆ. ಕರ್ನಲ್ ಜಾರ್ಜ್ ವೇರಿಂಗ್ 1895ರಲ್ಲಿ ನ್ಯೂಯಾರ್ಕಿನ ಬೀದಿ ಸ್ವಚ್ಛತೆಯ ಆಯುಕ್ತರಾದರು. ಗುಡಿಸುವವರಿಗೆ ಬಿಳಿ ಸಮವಸ್ತ್ರ ತೊಡಿಸಿದವರು ಅವರೇ. ಜನ ಆ ಕೆಲಸಗಾರರನ್ನು ‘ಬಿಳಿ ರೆಕ್ಕೆಯವರು’ ಎಂದು ಕರೆಯತೊಡಗಿದರು. ಮನೆಗಳವರು ಕಸವನ್ನು ಮೂರಾಗಿ ವಿಂಗಡಿಸಿ ಇಡಬೇಕೆಂಬ ನಿಯಮವನ್ನು ತಂದವರೂ ಅವರೇ. ಬೂದಿ ಬೇರೆ, ಅಡುಗೆಮನೆಯ ಹಸಿ ಕಸ ಬೇರೆ, ಕಾಗದ, ಚಿಂದಿ, ಡಬ್ಬಿಗಳ ಒಣ ಕಸ ಬೇರೆ. ಮೂರಕ್ಕೂ ಮೂರು ದಾರಿ. ಹಸಿ ಕಸ ನ್ಯೂಯಾರ್ಕಿನದೇ ಆದ ಬ್ಯಾರನ್ ದ್ವೀಪಕ್ಕೆ ಹೋಗುತ್ತಿತ್ತು. ಅಲ್ಲಿ ಅದನ್ನು ಬೇಯಿಸಿ ಕೊಬ್ಬು ತೆಗೆಯುತ್ತಿದ್ದರು, ಉಳಿದದ್ದು ಗೊಬ್ಬರ. ಒಣ ಕಸದಿಂದ ಮಾರಾಟವಾಗುವುದನ್ನು ಆರಿಸಿಕೊಳ್ಳುತ್ತಿದ್ದರು. ಬೂದಿಯನ್ನು ತಗ್ಗು ನೆಲ, ನೀರಂಚು ತುಂಬಿಸಲು ಬಳಸುತ್ತಿದ್ದರು. ಈಗ ಸೆರೆಮನೆಗೆ ಹೆಸರಾದ ರೈಕರ್ಸ್ ದ್ವೀಪ ಇಷ್ಟು ದೊಡ್ಡದಾಗಿ ಬೆಳೆದದ್ದು ಹೀಗೆ ಸುರಿದ ಬೂದಿಯ ಮೇಲೆ. ನಗರದ ಕ್ವೀನ್ಸ್ ಭಾಗದ ಕೊರೋನಾ ಎಂಬಲ್ಲಿ ಬೆಳೆದಿದ್ದ ಬೂದಿಯ ದಿಬ್ಬಗಳನ್ನು ಸಮಮಾಡಿ ಅದರ ಮೇಲೆಯೇ 1939ರ ವಿಶ್ವಮೇಳ ನಡೆಸಿದರು.

ಅಂದರೆ ಆ ಕಾಲದ ವಾಕ್ಯವೊಂದರಲ್ಲಿ ಆ್ಯಶ್‌ಕ್ಯಾನ್ ಮತ್ತು ಗಾರ್ಬೇಜ್ ಕ್ಯಾನ್ ಎರಡೂ ಪಕ್ಕಪಕ್ಕ ಬಂದರೆ ಅವು ಎರಡು ಬೇರೆ ವಸ್ತುಗಳು, ಒಳಗಿರುವುದೂ ಬೇರೆ, ವಾಸನೆಯೂ ಬೇರೆ. ನಮ್ಮ ಭಾಷೆಗೆ ಇದು ಕಷ್ಟವೇ ಅಲ್ಲ. ಮೊದಲನೆಯದು ಬೂದಿ ಡಬ್ಬ, ಎರಡನೆಯದು ಮುಸುರೆ ಡಬ್ಬ. ‘ಮುಸುರೆ’ಯಷ್ಟು ಕರಾರುವಾಕ್ಕಾದ ಪದ ಇಂಗ್ಲಿಷಿನಲ್ಲೂ ಇಲ್ಲ ಎನ್ನಬಹುದು, ಅಲ್ಲಿನ ಗಾರ್ಬೇಜ್ ಎಂಬ ಪದ ಮೊದಲಿಗೆ ಕೋಳಿ ಮುಂತಾದವುಗಳ ಕರುಳು, ಈಲಿಗಳಿಗೆ ಹೇಳುತ್ತಿದ್ದದ್ದು, ಆಮೇಲೆ ಹಸಿ ಕಸಕ್ಕೆಲ್ಲ ಹರಡಿತು. ಟ್ರ್ಯಾಶ್ ಎಂದರೆ ಒಣ ಕಸ. ಈ ಒಣ, ಹಸಿ ಭೇದ ಇಂದಿನ ಅಮೆರಿಕದ ಆಡುಮಾತಿನಲ್ಲಿ ಬಹುಮಟ್ಟಿಗೆ ಅಳಿಸಿಹೋಗಿದೆ. ಹಳೆಯ ಬರಹದಲ್ಲಿ ಮಾತ್ರ ಜೀವಂತ.

ಆಮೇಲೆ ಮನೆಗಳಿಗೆ ಎಣ್ಣೆ ಮತ್ತು ಅನಿಲದ ಕುಲುಮೆಗಳು ಬಂದವು. ಬೂದಿ ನಿಂತಿತು. ಡಬ್ಬ ಉಳಿಯಿತು, ಹೆಸರೂ ಉಳಿಯಿತು. ಬೂದಿಯೇ ಇಲ್ಲದ ಮನೆಯವರೂ ಹಳೆಯ ಅಭ್ಯಾಸದಂತೆ ‘ಆ್ಯಶ್‌ಕ್ಯಾನ್‌ಗೆ ಹಾಕು’ ಎನ್ನುತ್ತಿದ್ದರು. ಕನ್ನಡದಲ್ಲೇ ಇದಕ್ಕೆ ಸೊಗಸಾದ ಜೋಡಿಯಿದೆ. ‘ಎಣ್ಣೆ’ ಎಂಬುದು ಎಳ್ ಮತ್ತು ನೆಯ್ ಸೇರಿ ಆದ ಪದ. ಮೂಲದಲ್ಲಿ ಎಳ್ಳಿನಿಂದ ತೆಗೆದದ್ದಕ್ಕೆ ಮಾತ್ರ ಹೊಂದುವ ಹೆಸರು. ಇಂದು ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ, ಕಡೆಗೆ ಸೀಮೆಎಣ್ಣೆ ಎನ್ನುವಾಗ ಯಾರಿಗೂ ಎಳ್ಳು ನೆನಪಾಗುವುದಿಲ್ಲ. ‘ಕೊಬ್ಬರಿ ಎಣ್ಣೆ’ಯನ್ನು ಬೇರೆ ಭಾಷೆಗೆ ಒಯ್ಯುವವರು ‘ಕೊಬ್ಬರಿಯ ಎಳ್ಳುತುಪ್ಪ’ ಎಂದು ಬರೆದರೆ ಹೇಗಿರುತ್ತದೆಯೋ, ಕಲ್ಲಿದ್ದಲು ಬಿಟ್ಟ ಮನೆಯೊಂದರ ಆ್ಯಶ್‌ಕ್ಯಾನನ್ನು ‘ಬೂದಿ ಪಾತ್ರೆ’ ಎಂದು ಬರೆಯುವುದೂ ಹಾಗೆಯೇ ಇರುತ್ತದೆ. ಅಲ್ಲಿ ಅದು ಬರಿಯ ಕಸದ ಡಬ್ಬ. 1970ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಪ್ಲಾಸ್ಟಿಕ್ ಚೀಲಗಳು ಬಂದು ತಗಡಿನ ಡಬ್ಬಗಳ ಸದ್ದೂ ಕಡಿಮೆಯಾಗುತ್ತ ಬಂತು. ಪದವೂ ಹಳೆಯ ತಲೆಮಾರಿನವರ ಬಾಯಲ್ಲಷ್ಟೇ ನಿಂತಿತು.

ನಾವು ಇಂಗ್ಲಿಷಿನಿಂದ ತಂದುಕೊಂಡು ದಿನವೂ ಬಳಸುವ ಡಸ್ಟ್‌ಬಿನ್ ಕೂಡ ಇದರ ಒಡಹುಟ್ಟೇ. ಡಸ್ಟ್ ಎಂದರೆ ಧೂಳು ಎಂದು ನಾವು ಕಲಿತಿದ್ದೇವೆ. ಆದರೆ ಹತ್ತೊಂಬತ್ತನೇ ಶತಮಾನದ ಲಂಡನ್ನಿನ ಮನೆಗಳಿಂದ ‘ಡಸ್ಟ್‌ಮನ್’ ಹೊತ್ತೊಯ್ಯುತ್ತಿದ್ದ ಡಸ್ಟ್ ಬಹುಪಾಲು ಒಲೆಯ ಕಲ್ಲಿದ್ದಲಿನ ಬೂದಿ. ಅದನ್ನು ಅಂಗಳದಲ್ಲಿ ರಾಶಿ ಹಾಕಿ ಜರಡಿ ಹಿಡಿಯುತ್ತಿದ್ದರು. ನುಣ್ಣನೆಯದನ್ನು ಇಟ್ಟಿಗೆಯ ಮಣ್ಣಿಗೆ ಬೆರೆಸುತ್ತಿದ್ದರು, ಅರೆಬೆಂದ ಇದ್ದಲ ಚೂರುಗಳಿಂದ ಅದೇ ಇಟ್ಟಿಗೆಯನ್ನು ಸುಡುತ್ತಿದ್ದರು. ಅಲ್ಲಿಗೆ ಅಟ್ಲಾಂಟಿಕ್ ಸಾಗರದ ಎರಡೂ ದಡದಲ್ಲಿ ಒಂದೇ ಬೂದಿಯಿಂದ ಎರಡು ಹೆಸರು ಹುಟ್ಟಿದಂತಾಯಿತು.

ಈ ಜೋಡಿ ಗೊತ್ತಿಲ್ಲದಿದ್ದರೆ 1945ರ ಒಂದು ಸಂಗತಿ ಅರ್ಥವೇ ಆಗುವುದಿಲ್ಲ. ಯುದ್ಧ ಮುಗಿದಾಗ ಸೆರೆಸಿಕ್ಕ ನಾಜಿ ಮುಖಂಡರನ್ನು ವಿಚಾರಣೆಗಾಗಿ ಕೂಡಿಹಾಕಲು ಮಿತ್ರಪಕ್ಷಗಳು ಎರಡು ಗುಪ್ತ ಶಿಬಿರ ಮಾಡಿದವು. ಅಮೆರಿಕನ್ನರದು ಲಕ್ಸೆಂಬರ್ಗಿನ ಮೊಂಡಾರ್ಫ್‌ನ ಒಂದು ಹೋಟೆಲು; ಗೋರಿಂಗ್, ಡೋನಿಟ್ಸ್, ರಿಬ್ಬೆನ್‌ಟ್ರಾಪ್, ಕೈಟೆಲ್ ಮೊದಲಾದವರನ್ನು ನ್ಯೂರೆಂಬರ್ಗಿನ ಯುದ್ಧಾಪರಾಧ ನ್ಯಾಯಾಲಯಕ್ಕೆ ಒಯ್ಯುವ ಮುಂಚೆ ಅಲ್ಲಿಟ್ಟಿದ್ದರು. ಅದರ ಸಂಕೇತನಾಮ ಆ್ಯಶ್‌ಕ್ಯಾನ್. ಬ್ರಿಟಿಷರದು ಫ್ರಾಂಕ್‌ಫರ್ಟ್ ಬಳಿಯ ಕ್ರಾನ್ಸ್‌ಬರ್ಗ್ ಕೋಟೆಯಲ್ಲಿ. ಹಿಟ್ಲರನ ಶಸ್ತ್ರಾಸ್ತ್ರ ಸಚಿವ ಆಲ್ಬರ್ಟ್ ಸ್ಪೀರ್‌ನಂಥವರು ಅಲ್ಲಿದ್ದರು. ಅದರ ಸಂಕೇತನಾಮ ಡಸ್ಟ್‌ಬಿನ್. ಒಂದೇ ಮಾತನ್ನು ಇಬ್ಬರೂ ತಮ್ಮ ತಮ್ಮ ನುಡಿಯಲ್ಲಿ ಹೇಳಿದ್ದಾರೆ: ಕಸದ ಡಬ್ಬ. ಒಂದನ್ನು ‘ಬೂದಿ ಪಾತ್ರೆ ಶಿಬಿರ’, ಇನ್ನೊಂದನ್ನು ‘ಕಸದ ತೊಟ್ಟಿ ಶಿಬಿರ’ ಎಂದು ಅನುವಾದಿಸಿದರೆ ಆ ಹೊಂದಾಣಿಕೆ ಕಾಣೆಯಾಗುತ್ತದೆ. ‘ಬೂದಿ’ ಎಂದ ಮಾತ್ರಕ್ಕೆ ನಾಜಿ ಶಿಬಿರಗಳ ದಹನ ಕೋಣೆಗಳು ನೆನಪಾಗಿ, ಇಲ್ಲದ ಅರ್ಥ ಅಂಟಿಕೊಳ್ಳುವ ಅಪಾಯವೂ ಇದೆ. ಸಂಕೇತನಾಮಗಳನ್ನು ಹಾಗೇ ಉಳಿಸಿ, ‘ಎರಡರ ಅರ್ಥವೂ ಕಸದ ಡಬ್ಬವೇ’ ಎಂದು ಒಂದು ಮಾತು ಸೇರಿಸಿದರೆ ಸಾಕು.

ಚಿತ್ರಕಲೆಯ ಬರಹಗಳಲ್ಲಿ ಕಾಣುವ ‘ಆ್ಯಶ್‌ಕ್ಯಾನ್ ಸ್ಕೂಲ್’ ಕನ್ನಡದಲ್ಲಿ ‘ಆ್ಯಶ್‌ಕ್ಯಾನ್ ಶಾಲೆ’ ಆದದ್ದೂ ಉಂಟು. ಆ ಹೆಸರಿನ ಶಾಲೆಯೇನೂ ಇರಲಿಲ್ಲ. ಅದು ಒಂದು ಪಂಥ, ಅದೂ ಸಡಿಲವಾದದ್ದು. ರಾಬರ್ಟ್ ಹೆನ್ರೈ, ಜಾನ್ ಸ್ಲೋನ್, ವಿಲಿಯಂ ಗ್ಲ್ಯಾಕನ್ಸ್, ಜಾರ್ಜ್ ಲಕ್ಸ್, ಎವರೆಟ್ ಶಿನ್ ಇದರ ಮುಖ್ಯರು. ಹೆನ್ರೈ ಬಿಟ್ಟು ಉಳಿದ ನಾಲ್ವರೂ ಫಿಲಡೆಲ್ಫಿಯಾದ ಪತ್ರಿಕೆಗಳಿಗೆ ಸುದ್ದಿಚಿತ್ರ ಬರೆದು ಕೈ ಪಳಗಿಸಿದವರು. ಘಟನೆಯ ಸ್ಥಳಕ್ಕೆ ಓಡಿ, ಕಂಡದ್ದನ್ನು ನೆನಪಿನಲ್ಲಿಟ್ಟು, ಅಚ್ಚಿಗೆ ಹೋಗುವ ಮೊದಲು ಬಿಡಿಸಿಕೊಡುವ ಕೆಲಸ ಅದು. ಆ ವೇಗವೇ ಅವರ ಕುಂಚಕ್ಕೂ ಬಂತು. 1908ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮ್ಯಾಕ್‌ಬೆತ್ ಗ್ಯಾಲರಿಯಲ್ಲಿ ಇನ್ನೂ ಮೂವರನ್ನು ಕೂಡಿಕೊಂಡು ‘ಎಂಟು ಮಂದಿ’ ಎಂಬ ಹೆಸರಿನಲ್ಲಿ ಪ್ರದರ್ಶನ ಮಾಡಿದರು. ಆಗ ಅವರಿಗೆ ಆ್ಯಶ್‌ಕ್ಯಾನ್ ಎಂಬ ಹೆಸರು ಇರಲಿಲ್ಲ. 1916ರಲ್ಲಿ ‘ದ ಮಾಸಸ್’ ಎಂಬ ಸಮಾಜವಾದಿ ಪತ್ರಿಕೆಯೊಳಗಿನ ಜಗಳದಲ್ಲಿ ವ್ಯಂಗ್ಯಚಿತ್ರಕಾರ ಆರ್ಟ್ ಯಂಗ್, ಇವರಲ್ಲಿ ಕೆಲವರು ರಾಜಕೀಯ ವಿಚಾರವಿಲ್ಲದೆ ಬರೀ ಆ್ಯಶ್‌ಕ್ಯಾನ್‌ಗಳನ್ನು ಬಿಡಿಸುತ್ತಾರೆ ಎಂದು ಆಕ್ಷೇಪಿಸಿದರು. ಬೈಗುಳವಾಗಿ ಬಂದದ್ದು 1930ರ ದಶಕದಲ್ಲಿ ಕಲಾ ಇತಿಹಾಸದ ಹೆಸರಾಯಿತು. ಆದ್ದರಿಂದ ಈ ಚಿತ್ರಗಳಲ್ಲಿ ಕಸದ ಡಬ್ಬಗಳನ್ನೇ ಹುಡುಕುವುದು ವ್ಯರ್ಥ. ಮಹಡಿಯ ಮೇಲೆ ಕೂದಲು ಒಣಗಿಸಿಕೊಳ್ಳುವ ಹೆಂಗಸರು, ಕಿಕ್ಕಿರಿದ ಬಾಡಿಗೆಮನೆಗಳು, ಹಿಮದಲ್ಲಿ ಕುದುರೆಗಾಡಿ, ಹೆನ್ರೈ ಅವರ ಶಿಷ್ಯ ಜಾರ್ಜ್ ಬೆಲೋಸ್ ಬಿಡಿಸಿದ ಮುಷ್ಟಿಕಾಳಗ ಇವೇ ಅಲ್ಲಿರುವುದು. ‘ಆ್ಯಶ್‌ಕ್ಯಾನ್ ಪಂಥ’ ಎಂದು ಬರೆದು, ಬೀದಿಬದುಕನ್ನು ಕಂಡ ಹಾಗೆ ಬಿಡಿಸಿದವರು ಎಂದು ತಿಳಿಸುವುದು ಸರಿಯಾದ ದಾರಿ.

ನೌಕಾಪಡೆಯ ಮಾತಿನಲ್ಲಿ ಆ್ಯಶ್‌ಕ್ಯಾನ್ ಎಂದರೆ ಡೆಪ್ತ್ ಚಾರ್ಜ್, ಅಂದರೆ ಜಲಾಂತರ್ಗಾಮಿಗಳ ಮೇಲೆ ಉರುಳಿಸುವ ಸಿಡಿಗುಂಡು. ಮೊದಲ ಮಹಾಯುದ್ಧದ ಡೆಪ್ತ್ ಚಾರ್ಜ್ ನೋಡಲು ಥೇಟ್ ಈ ಡಬ್ಬದಂತೆಯೇ ಇತ್ತು: ಸಿಡಿಮದ್ದು ತುಂಬಿದ ಉಕ್ಕಿನ ಪೀಪಾಯಿ, ನಿಗದಿಪಡಿಸಿದ ಆಳದಲ್ಲಿ ನೀರಿನ ಒತ್ತಡಕ್ಕೆ ಸಿಡಿಯುವ ಏರ್ಪಾಡು. ಎರಡನೇ ಯುದ್ಧದಲ್ಲಿ ಬೇಗ ಮುಳುಗಲೆಂದು ಹನಿಯಾಕಾರದ ಗುಂಡುಗಳು ಬಂದರೂ ನಾವಿಕರು ಹೆಸರು ಬಿಡಲಿಲ್ಲ. ಅವರ ಬಾಯಲ್ಲಿ ಡೆಸ್ಟ್ರಾಯರ್ ಹಡಗು ‘ಟಿನ್ ಕ್ಯಾನ್’. ಟಿನ್ ಕ್ಯಾನ್‌ನಿಂದ ಆ್ಯಶ್‌ಕ್ಯಾನ್ ಉರುಳಿಸಿದರು ಎಂಬ ವಾಕ್ಯ ಸಿಕ್ಕಿದರೆ ಹಡಗಿನವರು ಸಮುದ್ರಕ್ಕೆ ಕಸ ಸುರಿದರು ಎಂದು ಬರೆಯಬಾರದು.

ಕಾಮಿಕ್ಸ್ ಸಂಗ್ರಾಹಕರು ಹೇಳುವ ‘ಆ್ಯಶ್‌ಕ್ಯಾನ್ ಪ್ರತಿ’ಯದು ಇನ್ನೊಂದೇ ಅರ್ಥ. 1930, 40ರ ದಶಕದಲ್ಲಿ ಪ್ರಕಾಶಕರು ಒಂದು ಶೀರ್ಷಿಕೆಯನ್ನು ಬೇರೆಯವರು ಹಾರಿಸುವ ಮೊದಲು ತಮ್ಮ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿಕೊಳ್ಳಲು ಬೆರಳೆಣಿಕೆಯ ಪ್ರತಿಗಳನ್ನು ಅವಸರದಲ್ಲಿ ಹೊಲಿಯುತ್ತಿದ್ದರು. ಮುಖಪುಟದ ಮೇಲೆ ಹೊಸ ಹೆಸರು, ಒಳಗೆ ಕೈಗೆ ಸಿಕ್ಕಿದ ಹಳೆಯ ಹಾಳೆಗಳು. ನೋಂದಣಿಯಾದ ಮೇಲೆ ಅದರ ಜಾಗ ಕಸದ ಡಬ್ಬ, ಹೆಸರೂ ಅದೇ. ಅಳಿದುಳಿದ ಕೆಲವು ಪ್ರತಿಗಳಿಗೆ ಇಂದು ಭಾರೀ ಬೆಲೆ. ಕನ್ನಡದಲ್ಲಿ ‘ನೋಂದಣಿ ಪ್ರತಿ’ ಎಂದರೆ ಕೆಲಸ ತಿಳಿಯುತ್ತದೆ. ಕ್ರಿಯಾಪದವಾಗಿಯೂ ಈ ಪದ ಉಂಟು: ಸಂಪಾದಕರು ಒಂದು ಲೇಖನವನ್ನು ‘ಆ್ಯಶ್‌ಕ್ಯಾನ್ ಮಾಡಿದರು’ ಎಂದರೆ ಕಸದ ಬುಟ್ಟಿಗೆ ಹಾಕಿದರು ಎಂದರ್ಥ. ‘ಮೂಲೆಗುಂಪು ಮಾಡಿದರು’ ಎನ್ನುವುದು ಇದಕ್ಕೆ ಹೊಂದದು. ಮೂಲೆಗೆ ಸೇರಿದ್ದು ಮತ್ತೆ ಹೊರಬರಬಹುದು, ಡಬ್ಬಕ್ಕೆ ಬಿದ್ದದ್ದು ಬರುವುದಿಲ್ಲ.

ಇನ್ನು ಇದೇ ಬೂದಿಯಿಂದ ಬಂದ ನುಡಿಗಟ್ಟು ‘ಆ್ಯಶ್ ಹೀಪ್ ಆಫ್ ಹಿಸ್ಟರಿ’, ಅಂದರೆ ಇತಿಹಾಸದ ಬೂದಿರಾಶಿ. ಅಮೆರಿಕದ ಅಧ್ಯಕ್ಷ ರೇಗನ್ 1982ರ ಜೂನ್ 8ರಂದು ಬ್ರಿಟಿಷ್ ಸಂಸತ್ತಿನ ಸದಸ್ಯರ ಮುಂದೆ ಮಾರ್ಕ್ಸ್‌ವಾದ, ಲೆನಿನ್‌ವಾದಗಳು ಅಲ್ಲಿಗೇ ಸೇರುತ್ತವೆ ಎಂದರು. ಅದಕ್ಕೂ ಮುಂಚೆ, 1917ರಲ್ಲಿ, ಸೋವಿಯತ್ತುಗಳ ಸಭೆ ಬಿಟ್ಟು ಹೊರಟ ಎದುರು ಬಣದ ಮೆನ್ಶೆವಿಕರಿಗೆ ರಷ್ಯದ ಕ್ರಾಂತಿಯ ಮುಖಂಡ ಟ್ರಾಟ್‌ಸ್ಕಿ ಇದೇ ಬಗೆಯ ಮಾತು ಹೇಳಿದ್ದರು. ಅದು ಇಂಗ್ಲಿಷಿಗೆ ಬರುವಾಗ ಹೆಚ್ಚಾಗಿ ‘ಇತಿಹಾಸದ ಡಸ್ಟ್‌ಬಿನ್’ ಆಯಿತು. ಕನ್ನಡದಲ್ಲಿ ಇದನ್ನು ‘ಇತಿಹಾಸದ ತಿಪ್ಪೆ’ ಎಂದು ಬರೆಯುವುದು ಕಾಣುತ್ತದೆ. ಕೇಳಲು ಗಟ್ಟಿಯಾಗಿದೆ, ಆದರೆ ಒಪ್ಪಲಾಗದು. ತಿಪ್ಪೆಯಲ್ಲಿ ಸಗಣಿ, ಬೂದಿ, ಎಲೆ ಕೊಳೆತು ಗೊಬ್ಬರವಾಗಿ ಮತ್ತೆ ಹೊಲಕ್ಕೆ ಹೋಗುತ್ತದೆ. ರೈತನಿಗೆ ಅದು ಸಂಪತ್ತು. ರೇಗನ್ ಆಗಲಿ ಟ್ರಾಟ್‌ಸ್ಕಿಯಾಗಲಿ ಎದುರಾಳಿಗಳು ಮತ್ತೆ ಮೊಳೆಯಲಿ ಎಂದು ಹಾರೈಸಿದವರಲ್ಲ. ಕಲ್ಲಿದ್ದಲ ಬೂದಿಯ ರಾಶಿಯಲ್ಲಿ ಬೆಳೆ ಬರುವುದಿಲ್ಲ. ‘ಇತಿಹಾಸದ ಬೂದಿಗುಡ್ಡೆ’ ಎಂದರೆ ಆ ಬರಡುತನ ಉಳಿಯುತ್ತದೆ, ಟ್ರಾಟ್‌ಸ್ಕಿಯ ಮಾತಿಗೆ ‘ಇತಿಹಾಸದ ಕಸದಬುಟ್ಟಿ’ ಸಾಕು.

ಪದಕ್ಕೆ ಇಂದೂ ಒಂದು ನೇರ ಅರ್ಥ ಉಳಿದಿರುವ ಜಾಗವೆಂದರೆ ಕಟ್ಟಿಗೆಯ ಒಲೆ ಇರುವ ಮನೆಗಳು. ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಕ್ಕೇ ಹಾಕಬೇಕು, ಡಬ್ಬವನ್ನು ಮನೆಯಿಂದ ಕನಿಷ್ಠ 10 ಅಡಿ ದೂರ ಇಡಬೇಕು ಎಂದು ಅಲ್ಲಿನ ಅಗ್ನಿಸುರಕ್ಷೆಯ ಸಂಸ್ಥೆಗಳು ಹೇಳುತ್ತವೆ. ಇಂಥ ಸೂಚನೆಗಳನ್ನು ಅನುವಾದಿಸುವಾಗ ‘ಬೂದಿ ಡಬ್ಬ’ ಎಂದೇ ಬರೆಯಬೇಕು. ‘ಕಸದ ಡಬ್ಬಿ’ ಎಂದು ಬರೆದರೆ ಓದಿದವರು ಬಿಸಿ ಬೂದಿಯನ್ನು ಕಾಗದ ತುಂಬಿದ ಪ್ಲಾಸ್ಟಿಕ್ ಡಬ್ಬಿಗೆ ಸುರಿದಾರು.

ಬರಹದ ರೂಪದ ಬಗ್ಗೆ ಒಂದು ಕೋರಿಕೆ. ಇಂಗ್ಲಿಷಿನಲ್ಲಿ ಇದು ಒಂದೇ ಪದವಾಗಿಯೂ ಎರಡು ಪದವಾಗಿಯೂ ಬರುತ್ತದೆ, ಅರ್ಥ ಬದಲಾಗದು. ಕನ್ನಡದಲ್ಲಿ ಆಶ್, ಆಷ್, ಆ್ಯಶ್, ಏಶ್ ಎಂದು ಒಂದೇ ಪುಟದಲ್ಲಿ ನಾಲ್ಕು ಬಗೆಯಾಗಿ ಅಚ್ಚಾದರೆ ಓದುಗರು ಬೇರೆ ಬೇರೆ ವಸ್ತುಗಳೆಂದು ತಿಳಿಯುತ್ತಾರೆ. ನಿಮ್ಮ ಅನುವಾದ ವಿಭಾಗ ‘ಆ್ಯಶ್‌ಕ್ಯಾನ್’ ಎಂಬ ಒಂದೇ ರೂಪವನ್ನು ಹಿಡಿದು, ಪದಪಟ್ಟಿಯಲ್ಲಿ ಅದರ ಎದುರಿಗೆ ಹೀಗೆ ಗುರುತು ಹಾಕಿಕೊಳ್ಳಲಿ: ಕಲ್ಲಿದ್ದಲ ಕಾಲದ ಬರಹದಲ್ಲಿ ಬೂದಿ ಡಬ್ಬ, ನಂತರದ್ದರಲ್ಲಿ ಕಸದ ಡಬ್ಬ, ನೌಕಾಪಡೆಯ ಬರಹದಲ್ಲಿ ಡೆಪ್ತ್ ಚಾರ್ಜ್, ಕಾಮಿಕ್ಸ್‌ನಲ್ಲಿ ನೋಂದಣಿ ಪ್ರತಿ, ಕಲೆಯಲ್ಲಿ ಪಂಥದ ಹೆಸರು. ಸಿಗರೇಟಿನ ತಟ್ಟೆಗೆ ಅಲ್ಲಿ ಆ್ಯಶ್‌ಟ್ರೇ ಎಂಬ ಬೇರೆಯೇ ಪದವಿದೆ, ಚಿತಾಭಸ್ಮದ ಪಾತ್ರೆಗೆ ಅರ್ನ್ ಎನ್ನುತ್ತಾರೆ, ಒಲೆಯೊಳಗಿಂದ ಎಳೆದು ತೆಗೆಯುವ ತಗಡಿನ ತಟ್ಟೆ ಆ್ಯಶ್‌ಪ್ಯಾನ್. ಈ ಕೊನೆಯದು ಒಂದಕ್ಷರದ ವ್ಯತ್ಯಾಸದಲ್ಲಿ ಕಣ್ತಪ್ಪಿಹೋಗುತ್ತದೆ. ಕರಡು ತಿದ್ದುವವರು ಅಲ್ಲಿ ಒಮ್ಮೆ ನಿಂತು ನೋಡಬೇಕು.

ಇತಿ,
ಅನುವಾದದ ಕೆಲಸದಲ್ಲಿರುವ ಓದುಗರು